ಕೊಡಲಿಯ ಜಾಗದಲ್ಲಿ ಬೀಗದ ಕೈ

ಸಂತ ಮಾರ್ಟಿನನ ಹಬ್ಬ ಕಳೆದು ವಾರವಾಗಿತ್ತು. ಫ್ಲಾಂಡರ್ಸಿನ ಸ್ಕೆಲ್ಟ್ ನದಿಯ ಅಂಚಿನಲ್ಲಿ ಮೊದಲ ಹಿಮ ಕಟ್ಟಿದ ಬೆಳಗು, ಕೆಲಸದ ಗಂಟೆ ಬಾರಿಸಿ ಇನ್ನೂ ಬೆರಳು ಬಿಸಿಯಾಗದ ಹೊತ್ತು. ನೇಕಾರ ಲೀವಿನ್ ಮಗ್ಗದ ಹಲಗೆಯ ಮೇಲೆ ಕೂತು, ಹಾಸಿನ ಕೆಳಗೆ ಹಿಡಿಸಿದ್ದ ಮಾದರಿ ಚಿತ್ರವನ್ನು ಎಳೆಗಳ ಸಂದಿಯಿಂದ ನೋಡಿದ. ಕೋಟೆಬಾಗಿಲ ಮುಂದೆ ಕೆಂಪು ಗಡ್ಡದವನೊಬ್ಬ ಮಂಡಿಯೂರಿ, ಎರಡೂ ಕೈಯಲ್ಲಿ ಕೊಡಲಿ ಎತ್ತಿದ್ದ. ಅವನ ಮೇಲೆ ಡ್ಯೂಕನ ದಳಪತಿ ಗೋಸ್ವಿನ್ ಕತ್ತಿ ಬೀಸಿದ್ದ.

ಕೆಂಪು ಗಡ್ಡದವನು ಲೀವಿನನ ಸ್ವಂತ ಅಣ್ಣ ಪಾವೆಲ್ಸ್.

ಮೂರು ವರ್ಷದ ಹಿಂದೆ ಊರು ಡ್ಯೂಕನಿಗೆ ಶರಣಾದ ದಿನ, ಬಾಗಿಲು ಕಾಯುತ್ತಿದ್ದ ಪಾವೆಲ್ಸ್ ಬೀಗದ ಕೈಗಳನ್ನು ಅಂಗೈಗಳ ಮೇಲಿಟ್ಟು ಮಂಡಿಯೂರಿದ್ದ. ಅವನಿಗೆ ಬುತ್ತಿ ತಂದಿದ್ದ ಲೀವಿನ್ ಗಾಡಿಯಡಿ ಅವಿತು ನೋಡಿದ್ದ. ಗೋಸ್ವಿನನ ಮೊದಲ ಏಟಿಗೆ ಎರಡು ಮುಂಗೈಗಳೂ ಬೀಗದ ಕೈಗಳ ಸಮೇತ ಕಲ್ಲಿನ ಮೇಲೆ ಬಿದ್ದವು. ಪಾವೆಲ್ಸ್ ತನ್ನ ಮೊಂಡುಗೈಗಳನ್ನೇ ನೋಡುತ್ತ ಏನೋ ಹೇಳಲು ಬಾಯಿ ತೆರೆದ. ಎರಡನೆಯ ಏಟು ಕುತ್ತಿಗೆಗೆ ಬಿತ್ತು. ಆಮೇಲೆ ಸಂಜೆಯವರೆಗೂ ಸೈನಿಕರು ಕೊಂದರು. ಬಣ್ಣಗಾರರ ಬೀದಿಯಲ್ಲಿ ಕುದಿಯುವ ಕೊಪ್ಪರಿಗೆಗಳಿಗೇ ಜನರನ್ನು ಎಸೆದರು.

ಪಾವೆಲ್ಸ್ ಶರಣಾದಂತೆ ನಟಿಸಿ ಕೊಡಲಿ ಎತ್ತಿದ, ಅದಕ್ಕೇ ಇಷ್ಟೆಲ್ಲ ಆಯಿತು ಎಂದು ದಳಪತಿ ಹೇಳಿದ. ಶರಣಾಗತಿಯ ಆಣೆ ಮುರಿದವನಿಗೆ ಇಗರ್ಜಿಯ ಅಂಗಳದಲ್ಲಿ ಜಾಗವಿಲ್ಲ. ಪಾವೆಲ್ಸನನ್ನು ಗಲ್ಲುಗಂಬದ ಕೆಳಗೆ ಹೂತರು. ಈಗ ಅದೇ ಸುಳ್ಳು ನೇಯ್ಗೆಯ ಪಟವಾಗಿ ದಳಪತಿಯ ಮನೆಗೋಡೆ ಏರಬೇಕಿತ್ತು.

ಮಧ್ಯಾಹ್ನ ಅತ್ತಿಗೆ ಜೋಸಿನಾ ರೊಟ್ಟಿ ತಂದಳು. ಚಿತ್ರ ನೋಡಿದಳು.

"ಲೀವಿನ್, ನಿನ್ನ ಕೈಯಾರೆ ನಿಮ್ಮಣ್ಣನ ಕೈಗೆ ಕೊಡಲಿ ಕೊಡ್ತೀಯೇನೋ?"

"ನಾನು ಬಿಟ್ರೆ ಇನ್ನೊಬ್ಬ ನೆಯ್ತಾನೆ, ಅತ್ತಿಗೆ."

"ಅವತ್ತು ಗಾಡಿ ಅಡಿ, ಇವತ್ತು ಮಗ್ಗದ ಹಿಂದೆ. ಚೆನ್ನಾಗಿ ಅವಿತ್ಕೊಳ್ತೀಯಪ್ಪ."

ಅವಳು ಹೋದ ಮೇಲೆ ಲೀವಿನ್ ಮಗ್ಗಕ್ಕೆ ಬಗ್ಗಿದ. ಎಳೆಗಳನ್ನು ಅಡ್ಡ ಮಲಗಿಸಿ ಹಾಸಿದ ಇಂಥ ಮಲಗುಮಗ್ಗದಲ್ಲಿ ಬಟ್ಟೆಯ ಮುಖ ಕೆಳಗಿರುತ್ತದೆ. ನೇಕಾರನ ಕಣ್ಣಿಗೆ ಬೀಳುವುದು ಬೆನ್ನು ಮಾತ್ರ, ಬರೀ ಗಂಟು, ನೂಲಿನ ಬಾಲ. ಕತ್ತರಿಸಿ ಇಳಿಸುವ ದಿನದವರೆಗೆ ಮುಖವನ್ನು ಯಾರೂ ಕಾಣರು. ಅವನು ಕೊಡಲಿಯ ಬೂದು ನೂಲು ಬಿಟ್ಟು ಕಂದು ನೂಲಿನ ಕಂಡಿಕೆ ಎತ್ತಿಕೊಂಡ.

ಅದೇ ಮಗ್ಗದಲ್ಲಿ ಪಕ್ಕದ ಮೊಳ ನೆಯ್ಯುತ್ತಿದ್ದ ಮುದುಕ ವೌಟರ್ ಕೆಮ್ಮಿದ. "ನನ್ನ ಕಣ್ಣು ನನ್ನ ಮೊಳದಾಚೆ ಹೋಗಲ್ಲ ಮಾರಾಯ. ವಯಸ್ಸಾಯ್ತು ನೋಡು."

ದಳಪತಿ ಒಮ್ಮೆ ಬಂದು ಬಗ್ಗಿ ನೋಡಿದ. "ಇದೇನ್ರೋ, ಕುರಿ ಬಾಲದ ಉಣ್ಣೆ ಇದ್ದಂಗಿದೆ?" ಎಂದು ನಕ್ಕ. ಇನ್ನೂ ನೆಯ್ಯದ ಎಳೆಗಳ ಸಂದಿಯಲ್ಲಿ ಚಿತ್ರದ ಕೊಡಲಿ ಕಂಡಿತು. ತೃಪ್ತನಾಗಿ ಹೋದ.

ಅದರ ಮರುವರ್ಷದ ಈಸ್ಟರ್ ಕಳೆದ ಶನಿವಾರ ಪಟ ಇಳಿಸಿದರು. ನೇಯ್ಗೆ ಸರಿಯಿದೆ ಎಂದು ಮುದ್ರೆ ಒತ್ತಲು ಊರ ಹಿರಿಯರು, ಹರಸಲು ಪಾದ್ರಿ, ಒಯ್ಯಲು ದಳಪತಿ ಬಂದಿದ್ದರು. ನೆಲದ ಮೇಲೆ ಮಗುಚಿದಾಗ, ಪಾವೆಲ್ಸನ ಎರಡು ಅಂಗೈಗಳ ಮೇಲೆ ಬೀಗದ ಕೈಗಳಿದ್ದವು.

"ಯಾವನೋ ಇದನ್ನ ನೆಯ್ದಿದ್ದು?" ಎಂದ ಗೋಸ್ವಿನ್.

"ನಾನು ಧಣಿ. ಕಣ್ಣಾರೆ ಕಂಡಿದ್ದು."

ದಳಪತಿ ಪಟವನ್ನು ದಿಟ್ಟಿಸಿದ. ಆಮೇಲೆ ಜೋರಾಗಿ ನಕ್ಕ. "ಕಂಡಿದ್ನಂತೆ! ನೋಡ್ರಪ್ಪ, ಕತ್ತಿ ಬಲಗೈಲಿದೆ. ನಾನು ಎಡಚ ಅಂತ ಫ್ಲಾಂಡರ್ಸಿಗೇ ಗೊತ್ತು."

ಲೀವಿನ್ ಪಟದ ಮೇಲಿನ ತೋಳನ್ನು ನೋಡಿದ. ಮಗ್ಗದಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅದಕ್ಕೇ ಮಾದರಿಯನ್ನು ತಿರುವಿ ಬರೆಯುವುದು. ಆದರೆ ಚಿತ್ರಗಾರ ಗೋಡೆಗೆ ಬರೆದು ರೂಢಿಯಿದ್ದವನು. ಎಡಚನನ್ನು ಎಡಚನಾಗಿಯೇ ಬರೆದಿದ್ದ. ಇಪ್ಪತ್ತು ವರ್ಷ ಮಗ್ಗಕ್ಕೆ ಕೂತ ಲೀವಿನ್ ಅದನ್ನು ಹಿಡಿಯಬೇಕಿತ್ತು. ಅಣ್ಣನ ಅಂಗೈ ಬಿಟ್ಟು ಅವನು ಆ ತೋಳಿನ ಕಡೆ ಮನಸ್ಸಿಟ್ಟು ನೋಡಿಯೇ ಇರಲಿಲ್ಲ.

ಹಿರಿಯರ ಮುಖ ಹಗುರಾಯಿತು. "ಯಾವ ಕೈ ಅಂತ ಗೊತ್ತಿಲ್ಲದವನು ಎಂಥ ಸಾಕ್ಷಿ?" ಎಂದರೊಬ್ಬರು.

ಬೀಗದ ಕೈಗಳನ್ನು ಕತ್ತರಿಸಿ ತೆಗೆಯಲು ಗೋಸ್ವಿನ್ ಕತ್ತಿ ಹಿರಿದ. ಲೀವಿನ್ ಮಂಡಿಯೂರಿ ಎರಡೂ ಕೈ ಅವುಗಳ ಮೇಲೆ ಚಾಚಿದ.

"ತೆಗಿಯೋ ಕೈ."

"ಪ್ರತಿ ಸಲ ಅವಿತ್ಕೊಳಕ್ಕಾಗಲ್ಲ, ಧಣಿ."

ಗೋಸ್ವಿನನ ಎಡಗೈಯ ಕತ್ತಿ ಇಳಿಯಿತು. ಬಲಗೈಯ ನಾಲ್ಕು ಬೆರಳು ಪಟದ ಮೇಲೆ ಉರುಳಿದವು. ರಕ್ತ ಚಿಮ್ಮಿ ಪಾದ್ರಿಯ ನಿಲುವಂಗಿಗೆ ಹಾರಿತು. ಗೋಸ್ವಿನ್ ಮತ್ತೆ ಕೈ ಎತ್ತಿದಾಗ ವೌಟರ್ ಹಿಂದಿನಿಂದ ಅವನನ್ನು ತಬ್ಬಿ ಹಿಡಿದ. ದಳಪತಿಯ ಮೊಣಕೈ ಏಟಿಗೆ ವೌಟರನ ಮೂಗು ಮುರಿಯಿತು, ಆದರೂ ಬಿಡಲಿಲ್ಲ.

ಪಾದ್ರಿ ಮಂಡಿಯೂರಿದವನನ್ನು ನೋಡಿದರು, ಚಾಚಿದ ಕೈಗಳನ್ನು ನೋಡಿದರು, ಕೆಳಗೆ ಪಟವನ್ನು ನೋಡಿದರು.

"ಎಡಗೈಯಲ್ಲೇ ಹೊಡೆದಿದ್ದು," ಎಂದರು ಮೆಲ್ಲಗೆ. "ಈಗ ನಾನೂ ಕಂಡೆ. ಜೋಸಿನಾಗೆ ಹೇಳಿಕಳಿಸಿ, ನಾಳೆ ಪೂಜೆ ಮುಗಿದ ಮೇಲೆ ಪಾವೆಲ್ಸನ ಮೂಳೆ ತರಲಿ."

ಹಿರಿಯರು ಪಾದ್ರಿಗೆ ಎದುರಾಡಲಿಲ್ಲ. ದಳಪತಿಯ ಮೇಲೂ ಕೈ ಎತ್ತಲಿಲ್ಲ. ಮುದ್ರೆ ಬೀಳದ ಪಟವನ್ನು ರಕ್ತದ ಸಮೇತ ಸುತ್ತಿ ಊರ ಪೆಟ್ಟಿಗೆಗೆ ಹಾಕಿದರು. ಮಾದರಿ ಮೀರಿದ ನೇಕಾರನಿಗೆ ಊರಲ್ಲಿ ಮಗ್ಗವಿಲ್ಲ ಎಂಬ ಕಟ್ಟಳೆಯನ್ನು ಓದಿ ಹೇಳಿದರು. ಭಾನುವಾರ ಪಾವೆಲ್ಸ್ ಇಗರ್ಜಿಯ ಅಂಗಳದ ಮಣ್ಣು ಸೇರಿದ. ಗುರುವಾರ ಲೀವಿನ್, ಕೈಗೆ ಸುತ್ತಿದ ಬಟ್ಟೆ ಬಿಚ್ಚದೆಯೇ, ಉಣ್ಣೆ ಸಾಗಿಸುವ ದೋಣಿ ಹತ್ತಿ ಹೋದ.