ಛತ್ರಿ ಊರುವ ಮುನ್ನ

ಕಡಲ ದಂಡೆಯಲ್ಲಿ ಕುರ್ಚಿ, ಛತ್ರಿ ಬಾಡಿಗೆಗೆ ಕೊಡುವ ಆ ಹಿರಿಯರನ್ನು ಎಲ್ಲರೂ ಕರೆಯುತ್ತಿದ್ದದ್ದು ಕುರ್ಚಿ ಮಾವ ಎಂದೇ. ಅವರಿಗೆ ಓರಣದ ಹುಚ್ಚು. ಮುಂಜಾನೆಯೇ ಬೈಕಿನ ಹಿಂದೆ ಹಲಗೆ ಕಟ್ಟಿ ಎಳೆದು, ಮರಳನ್ನು ಇಸ್ತ್ರಿ ಹಾಕಿದ ಬಟ್ಟೆಯಂತೆ ಮಾಡಿಡುವರು. ಗಿರಾಕಿಗಳಿಗೆ ಅದರ ಮೇಲೆ ಕಾಲಿಡಲು ಮುಜುಗರವಾಗಬೇಕು, ಹಾಗೆ.

ಇಂಥವರ ನೆಮ್ಮದಿ ಕೆಡಿಸಿದ್ದು ಟ್ರ್ಯಾಕ್ಟರ್ ಗಾಲಿಯಂಥ ಒಂದು ಗುರುತು. ಕೆಲವು ದಿನ ಬೆಳಗ್ಗೆ ಅದು ನೀರಿನಂಚಿನಿಂದ ಮೇಲೆ ಬಂದು, ಒಂದು ಸುತ್ತು ಹಾಕಿ, ಮತ್ತೆ ನೀರಿಗಿಳಿದಿರುತ್ತಿತ್ತು. ಪಕ್ಕದ ಜ್ಯೂಸ್ ಅಂಗಡಿಯವನು ಬೇಕೆಂದೇ ತಳ್ಳುಗಾಡಿ ಓಡಾಡಿಸುತ್ತಾನೆ ಎಂಬುದು ಮಾವನ ತೀರ್ಮಾನ. ತಳ್ಳುಗಾಡಿಯನ್ನು ಸಮುದ್ರದೊಳಕ್ಕೆ ಯಾಕೆ ತಳ್ಳುತ್ತಾನೆ ಎಂದು ಹೆಂಡತಿ ಕೇಳಿದಾಗ, ಹೊಟ್ಟೆಕಿಚ್ಚಿನವರು ಎಲ್ಲಿಗೆ ಬೇಕಾದರೂ ಹೋಗುತ್ತಾರೆ ಎಂದಿದ್ದರು. ಜ್ಯೂಸಿನವನ ಜತೆ ಮಾತು ಬಿಟ್ಟಾಗಿತ್ತು.

ಸೊಸೆ ಆಗಷ್ಟೇ ಆಮೆ ಕಾಯುವ ತಂಡಕ್ಕೆ ಸೇರಿದ್ದಳು. ಕಡಲಾಮೆ ದಡಕ್ಕೆ ಬಂದು ಹೋದ ಗುರುತು ಹಿಡಿದು, ಮೊಟ್ಟೆಯಿಟ್ಟ ಜಾಗ ಪತ್ತೆ ಮಾಡಿ, ಬೇಲಿ ಹಾಕುವುದು ಅವರ ಕೆಲಸ. ಮಾವನ ಮರಳಿನ ಮುಂದೆ ಮಾತ್ರ ತಂಡ ನಿಲ್ಲುತ್ತಲೇ ಇರಲಿಲ್ಲ. ಅವರು ಬರುವಷ್ಟರಲ್ಲಿ ಅಲ್ಲಿ ಗುರುತೇ ಇರುತ್ತಿರಲಿಲ್ಲ. ಆ ಕಡೆಗೆ ಆಮೆ ಬರುವುದಿಲ್ಲವೆಂದೇ ಎಲ್ಲರೂ ನಂಬಿದ್ದರು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ಮತ್ತೆ ಗಾಲಿಯ ದೂರು ತೆಗೆದರು. ಸೊಸೆ ಬಡಿಸುವ ಕೈ ನಿಲ್ಲಿಸಿ, ಗುರುತಿನ ಎರಡು ಬದಿಯಲ್ಲೂ ಗೀಚಿದ ಹಾಗಿತ್ತೇ ಎಂದು ಕೇಳಿದಳು. ಇತ್ತು.

"ಅದು ಗಾಡಿ ಅಲ್ಲ ಮಾವ. ಮೊಟ್ಟೆ ಇಡೋಕೆ ಬಂದ ಆಮೆ."

"ಇಷ್ಟು ವರ್ಷದಿಂದ ಇಲ್ಲೇ ಬಿದ್ದಿದೀನಿ ಕಣಮ್ಮ. ಒಂದು ಆಮೆನೂ ನಂಗೆ ನಮಸ್ಕಾರ ಹೇಳಿಲ್ಲ."

"ನೀವು ಮಲಗಿದ್ದಾಗ ಬಂದು ಹೋಗತ್ತೆ. ನೀವು ಎದ್ದು ಅಳಿಸ್ತೀರಿ."

ಹೆಂಡತಿ ನಗು ತಡೆಯಲು ನೀರು ಕುಡಿದಳು. ಬಂದರೆ ಬರಲಿ, ಕುರ್ಚಿಯಿಂದ ಅದಕ್ಕೇನು ತೊಂದರೆ ಎಂದರು ಮಾವ. ಸೊಸೆ ಬಿಡಿಸಿ ಹೇಳಿದಳು. ರಾತ್ರಿ ದಂಡೆಯಲ್ಲೇ ಬಿಟ್ಟ ಕುರ್ಚಿಗೆ ತಾಗಿದ ತಾಯಿ ಆಮೆ ಮೊಟ್ಟೆಯಿಡದೆ ಹಿಂದಿರುಗುವುದುಂಟು. ಅಂಗಡಿ ದೀಪದ ಬೆಳಕನ್ನೇ ಕಡಲೆಂದು ತಿಳಿದು ಮರಿಗಳು ರಸ್ತೆಯತ್ತ ತೆವಳುತ್ತವೆ. ಬೈಕು ಓಡಾಡಿದರೆ ಮರಳು ಗಟ್ಟಿಯಾಗಿ ಮರಿಗಳಿಗೆ ಮೇಲೆ ಬರುವುದೇ ಕಷ್ಟ. ಮಾವ ಇದನ್ನೆಲ್ಲ, ಡಾಕ್ಟರು ಸಕ್ಕರೆ ಬಿಡಿ ಎಂದಾಗ ಕೇಳುವ ಮುಖದಲ್ಲಿ ಕೇಳಿಸಿಕೊಂಡರು.

"ಎಲ್ಲಕ್ಕಿಂತ ನಂಗೆ ಭಯ ನಿಮ್ಮ ಛತ್ರಿದು ಮಾವ. ಮೊಟ್ಟೆ ಇರೋದು ಒಂದು ಮೊಳ ಆಳದಲ್ಲಿ. ನಿಮ್ಮ ಕಂಬ ಇಳಿಯೋದೂ ಅಷ್ಟೇ."

"ಇಷ್ಟುದ್ದ ದಂಡೇಲಿ ಅದಕ್ಕೆ ನನ್ನ ಕಂಬವೇ ಸಿಗಬೇಕಾ?" ಎಂದು ಅವರು ಕೈ ತೊಳೆಯಲು ಎದ್ದರು.

ಅದೇ ಸಂಜೆ ಛತ್ರಿಗಳನ್ನು ಕೀಳುತ್ತಿದ್ದಾಗ ಒಂದು ಕಂಬದ ತುದಿ ಒದ್ದೆಯಾಗಿ ಬಂತು. ಹಳದಿ ಲೋಳೆ, ಅದಕ್ಕೆ ಮೆತ್ತಿದ ಮರಳು. ಮಾವ ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ಕಂಬವನ್ನು ಕೆಳಗಿಡಲೂ ಆಗದೆ, ಹಿಡಿದುಕೊಳ್ಳಲೂ ಆಗದೆ ನಿಂತೇ ಇದ್ದರು. ಜ್ಯೂಸಿನವನು ಏನಾಯಿತೆಂದು ಹತ್ತಿರ ಬಂದ.

"ನಿನ್ನ ಗಾಡಿ ಅಲ್ಲ ಕಣಯ್ಯ," ಎಂದರು ಮಾವ. "ನನ್ನ ಸೊಸೇನ ಕರೀತೀಯಾ?"

ತಂಡ ಬಂತು. ಪಳಗಿದ ಕೈಯವರೊಬ್ಬರು ಒಡೆದ ಮೊಟ್ಟೆಗಳನ್ನಷ್ಟೇ ತೆಗೆದು, ಉಳಿದವನ್ನು ಅಲುಗಿಸದೆ ಮರಳು ಮುಚ್ಚಿದರು. ಬೇಲಿಯ ಗೂಟಗಳನ್ನು ಮೊಟ್ಟೆಗಳಿಂದ ಸಾಕಷ್ಟು ದೂರದಲ್ಲಿ ನೆಟ್ಟರು. ಉಳಿದವು ಬದುಕುತ್ತವೆಯೇ ಎಂದು ಮಾವ ಕೇಳಿದರು.

"ಗೊತ್ತಿಲ್ಲ ಮಾವ. ಯಾರೂ ತುಳೀದೆ ಇದ್ರೆ ಬದುಕಬಹುದು."

ಈಗ ಮಾವನ ಬೈಕು ದಂಡೆಗಿಳಿಯುವುದಿಲ್ಲ. ತಂಡ ನಡೆದು ಹೋದ ಮೇಲೆ ಕಸವನ್ನು ಕೈಯಲ್ಲೇ ಆರಿಸುತ್ತಾರೆ. ಸಂಜೆಯಾದರೆ ಕುರ್ಚಿಗಳೆಲ್ಲ ಶೆಡ್ಡಿನೊಳಗೆ, ದೀಪ ಬಂದ್. ಛತ್ರಿಗಳು ನಿಲ್ಲುವುದು ಮರಳು ತುಂಬಿದ ಬಕೆಟ್ಟುಗಳಲ್ಲಿ. ಮನೆಯಲ್ಲಿ ಸ್ನಾನಕ್ಕೆ ಒಂದಾದರೂ ಬಕೆಟ್ಟು ಉಳಿಸಿ ಎಂದು ಹೆಂಡತಿ ಗೊಣಗಿದಳು. ಗೊಣಗುತ್ತಲೇ ಎರಡು ಬಕೆಟ್ಟು ತಾನೇ ಹೊತ್ತು ತಂದಳು.

ಮೊನ್ನೆ ಗಿರಾಕಿಯೊಬ್ಬರು, ಬೇಲಿಯ ಪಕ್ಕದಲ್ಲೇ ಕುರ್ಚಿ ಬೇಕು, ಅಲ್ಲಿಂದಲೇ ಕಡಲು ಚೆನ್ನಾಗಿ ಕಾಣುತ್ತದೆ ಎಂದು ಹಟ ಹಿಡಿದರು. ಹೆಚ್ಚು ದುಡ್ಡು ಕೊಡುವುದಾಗಿಯೂ ಹೇಳಿದರು.

"ಅಲ್ಲಿ ಬೇರೆಯವರ ಮಕ್ಕಳು ಮಲಗಿದಾವೆ," ಎಂದರು ಮಾವ. "ಸ್ವಲ್ಪ ಈಚೆ ಕೂತ್ಕೊಳ್ಳಿ."

ಕಡಲು ನೋಡಲು ನೀವೂ ಹೋಗುತ್ತೀರಿ. ಆಮೆಗಳು ಮೊಟ್ಟೆಯಿಡುವ ಕಾಲದಲ್ಲಿ ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ. ಹೊರಡುವಾಗ ಕುರ್ಚಿ, ಕಸ ಎತ್ತಿಕೊಳ್ಳಿ, ಮಕ್ಕಳು ತೋಡಿದ ಗುಂಡಿ ಮುಚ್ಚಿ. ಅದರಲ್ಲಿ ಬಿದ್ದ ಮರಿ ಮೇಲೆ ಹತ್ತಲಾರದು. ದಂಡೆಯ ಮನೆ, ಅಂಗಡಿಯವರು ಕಡಲಿನತ್ತ ದೀಪ ಉರಿಸಬೇಡಿ. ಆಮೆ ಕಂಡರೆ ಟಾರ್ಚು, ಫೋಟೊ ಬೇಡ, ದೂರ ನಿಲ್ಲಿ. ಗಾಲಿಯಂಥ ಗುರುತು ಕಂಡರೆ ಅಳಿಸದೆ ಅರಣ್ಯ ಇಲಾಖೆಗೋ ಆಮೆ ಕಾಯುವವರಿಗೋ ತಿಳಿಸಿ. ಮೊಟ್ಟೆಯಿಟ್ಟು ಹೋದ ತಾಯಿ ಕಾಯಲು ಮತ್ತೆ ಬರುವುದಿಲ್ಲ. ಆ ಕೆಲಸ ದಂಡೆಯಲ್ಲಿ ಓಡಾಡುವ ನಮ್ಮದೇ.