ನನಗೆ ಗುಂಡು ಹೊಡೆದವನನ್ನು ಊಟಕ್ಕೆ ಕರೆದೆ

ನನ್ನ ನಿಶ್ಚಿತಾರ್ಥಕ್ಕೆ ನಾನು ಕರೆದದ್ದು ಒಬ್ಬನನ್ನೇ. ಉಳಿದವರನ್ನೆಲ್ಲ ಮಾವನಾಗಬೇಕಾಗಿದ್ದ ಸುಬ್ರಾಯರು ಕರೆದಿದ್ದರು. ನಾನು ಕರೆದವನ ಹೆಸರು ರುದ್ರಮುನಿ. ನನ್ನ ತೊಡೆಗೆ ಗುಂಡು ಹೊಡೆದವನು ಅವನೇ.

ಹೀಗೆಂದ ಕೂಡಲೇ ಜನ ಬಾಯಿ ತೆರೆಯುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಾವಿಬ್ಬರೂ ಒಂದೇ ಪಲ್ಟನ್ನಿನವರು, ಒಂದೇ ಸ್ಟವ್‌ನಲ್ಲಿ ಮ್ಯಾಗಿ ಬೇಯಿಸಿಕೊಂಡವರು. ಗಸ್ತು ಮುಗಿಸಿ ಬರುವಾಗ ದಾರಿಯಲ್ಲಿ ಹಿಮ ಕುಸಿದಿತ್ತು. ನಾವು ಬೇರೆ ದಾರಿ ಹಿಡಿದು ನಮ್ಮದೇ ಕಾವಲು ಚೌಕಿಯ ಹಿಂಬದಿಗೆ ಬಂದೆವು. ವೈರ್‌ಲೆಸ್‌ನ ಬ್ಯಾಟರಿ ಚಳಿಗೆ ಸತ್ತಿತ್ತು. ಆ ಬದಿಯಿಂದ ನಮ್ಮವರು ಯಾರೂ ಬರುವುದಿಲ್ಲ ಎಂದು ಚೌಕಿಯವರಿಗೆ ಹೇಳಿದ್ದರು. ಮೆಷಿನ್‌ಗನ್ನಿನ ಹಿಂದೆ ರುದ್ರಮುನಿ ಇದ್ದ. ಅವನು ಕೂಗಿದ್ದು ಗಾಳಿಯಲ್ಲಿ ನಮಗೆ ಕೇಳಲಿಲ್ಲ, ನಾವು ಕೂಗಿದ್ದು ಅವನಿಗೆ ಕೇಳಲಿಲ್ಲ. ಹೊಡೆದ. ಹೊಡೆಯದೆ ಇದ್ದಿದ್ದರೆ ಅವನು ಕೆಲಸಕ್ಕೆ ಬಾರದ ಸಿಪಾಯಿ. ಅವನ ಜಾಗದಲ್ಲಿ ನಾನಿದ್ದರೆ ನಾನೂ ಹೊಡೆಯುತ್ತಿದ್ದೆ. ಆಮೇಲೆ ನನ್ನನ್ನು ಬೆನ್ನ ಮೇಲೆ ಹೇರಿಕೊಂಡು ಹೆಲಿಕಾಪ್ಟರ್ ಇಳಿಯುವ ಜಾಗದವರೆಗೆ ಓಡಿದವನೂ ಅವನೇ. ದಾರಿಯುದ್ದಕ್ಕೂ ಅವನು ಅಳುತ್ತಿದ್ದ, ನಾನು ಅವನಿಗೆ ಬೈಯುತ್ತಿದ್ದೆ. ವಿಚಾರಣೆ ನಡೆದು, ಯಾರದೂ ತಪ್ಪಿಲ್ಲ ಎಂದಾಯಿತು. ಅವನು ಪಲ್ಟನ್ನಿನಲ್ಲೇ ಉಳಿದ. ನನ್ನ ಕಾಲು ಮಡಚಲಿಕ್ಕೆ ಬರುವುದಿಲ್ಲವಾದ್ದರಿಂದ ನನ್ನನ್ನು ಮನೆಗೆ ಕಳಿಸಿದರು.

ಮನೆ ಎಂದರೆ ತಮಿಳು ಸೀಮೆಯ ರಾಜಧಾನಿಯಲ್ಲಿ, ಕೋಡಂಬಾಕ್ಕಂನ ಎರಡು ಕೋಣೆ. ಅಪ್ಪ ಅಲ್ಲೇ ಒಂದು ಹೋಟೆಲಿನಲ್ಲಿ ಅಡಿಗೆ ಭಟ್ಟರಾಗಿದ್ದವರು, ಈಗಿಲ್ಲ. ಇರುವವಳು ಅಮ್ಮ, ಚಂದ್ರಮತಿ. ನನಗೆ ಓದು ಹತ್ತಲಿಲ್ಲ. ಹತ್ತನೆಯ ತರಗತಿಯನ್ನು ಹೇಗೋ ದಾಟಿ ಸೈನ್ಯ ಸೇರಿದ್ದೆ. ಈಗ ಇಲ್ಲೇ ನಗರದ ಮಣಲಿಯಲ್ಲಿ ಒಬ್ಬ ಕಂಟ್ರಾಕ್ಟರನ ಗೇಟಿನಲ್ಲಿ ಕೂತು ಲಾರಿಗಳನ್ನು ಒಳಗೆ ಬಿಡುತ್ತೇನೆ.

ಸೈನಿಕರಿಗೆ ಜನ ಕೊಡುವ ಬೆಂಬಲದ ವಿಷಯ ನನ್ನ ಹತ್ತಿರ ಕೇಳಬೇಡಿ. ಗಡಿಯಲ್ಲಿ ಏನಾದರೂ ಸದ್ದಾದ ವಾರ ನಮ್ಮ ಬೀದಿಯವರೆಲ್ಲರ ಫೋನಿನಲ್ಲಿ ಬಾವುಟ ಹಾರುತ್ತದೆ. ಅದೇ ವಾರ ಬಸ್ ಹತ್ತಲು ನನಗೆ ಸ್ವಲ್ಪ ಹೊತ್ತು ಹಿಡಿದರೆ ಹಿಂದಿನವನು ಬೆನ್ನಿಗೆ ಕೈ ಕೊಟ್ಟು ನೂಕುತ್ತಾನೆ. ಅವನ ಬ್ಯಾಗಿನ ಮೇಲೂ ಬಾವುಟದ ಸ್ಟಿಕ್ಕರ್. ಕಾಲಿಗೇನಾಯಿತು ಎಂದು ಕೇಳುತ್ತಾರೆ. ಗುಂಡು ಎಂದರೆ ಕಣ್ಣು ಹೊಳೆಯುತ್ತದೆ, ಸೆಲ್ಫಿಗೆ ಹೆಗಲಿಗೆ ಹೆಗಲು ತಾಗಿಸುತ್ತಾರೆ. ನಮ್ಮವರದೇ ಗುಂಡು ಎಂದ ಕೂಡಲೇ ಫೋನು ಜೇಬಿಗೆ ಹೋಗುತ್ತದೆ. "ಓ, ಆಕ್ಸಿಡೆಂಟಾ?" ಎನ್ನುತ್ತಾರೆ, ಸ್ಕೂಟರಿನಿಂದ ಬಿದ್ದವನಿಗೆ ಹೇಳುವ ಹಾಗೆ. ನನ್ನ ಎಲುಬಿಗೆ ಆ ವ್ಯತ್ಯಾಸ ಗೊತ್ತಿಲ್ಲ.

ಸುಬ್ರಾಯರದು ಅದೇ ನಗರದ ಗಿಂಡಿಯಲ್ಲಿ ದೊಡ್ಡ ಸಸ್ಯಾಹಾರಿ ಹೋಟೆಲು. ಊರು ಕುಂದಾಪುರದ ಕಡೆ, ನಮ್ಮದೂ ಅದೇ ಕಡೆ. ಹೋಟೆಲಿನ ಬಾಗಿಲಲ್ಲಿ 'ವೀರ ಯೋಧರಿಗೆ ಊಟ ಉಚಿತ' ಎಂಬ ಬೋರ್ಡು. ಕಾರ್ಡು ತೋರಿಸಬೇಕು, ಧಣಿಗಳ ಜೊತೆ ಫೋಟೋಕ್ಕೆ ನಿಲ್ಲಬೇಕು, ಆಮೇಲೆ ಊಟ. ಅಂಥ ಮನೆಯಿಂದ ಸಂಬಂಧ ಬಂದಾಗ ಅಮ್ಮನಿಗೆ ನಂಬಲಿಕ್ಕೇ ಆಗಲಿಲ್ಲ. ನನಗೂ ಅಷ್ಟೆ. ಹುಡುಗಿ ಪ್ರಣಮ್ಯಾ ಚೆನ್ನಾಗಿದ್ದಳು, ನಗುತ್ತಿದ್ದಳು, ನನ್ನ ಕಾಲನ್ನು ನೋಡಿ ಮುಖ ತಿರುಗಿಸಲಿಲ್ಲ. ಅವಳು ನನಗೆ ಬೇಕು ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

ಹುಡುಗಿ ನೋಡಲು ಹೋದ ದಿನವೇ ನಾನು ಸುಬ್ರಾಯರಿಗೆ ಬಿಡಿಸಿ ಹೇಳಿದ್ದೆ.

"ಗುಂಡು ನಮ್ಮ ಚೌಕಿಯದೇ. ಶತ್ರು ಯಾರೂ ಇರಲಿಲ್ಲ."

ಅವರು ಕಾಫಿ ಲೋಟವನ್ನು ಒಮ್ಮೆ ಕೆಳಗಿಟ್ಟು ಮತ್ತೆ ಎತ್ತಿಕೊಂಡರು. "ಅದೆಲ್ಲ ನಮ್ಮೊಳಗೆ ಇರಲಿ ಮಾಪ್ಪಿಳ್ಳೆ," ಎಂದರು. ಅಳಿಯನಿಗೆ ತಮಿಳಿನಲ್ಲಿ ಮಾಪ್ಪಿಳ್ಳೆ ಎನ್ನುತ್ತಾರೆ, ಪ್ರೀತಿ ಉಕ್ಕಿದಾಗ ಅವರಿಗೆ ತಮಿಳೇ ಬರುವುದು. "ಗುಂಡು ಗುಂಡೇ ಅಲ್ವಾ? ಯಾರ ಅಂಗಡಿದು ಅಂತ ಬಿಲ್ ಕೇಳ್ತಾರಾ?"

ಅಮ್ಮ ಮೇಜಿನ ಕೆಳಗೆ ನನ್ನ ಮೊಣಕೈ ಹಿಡಿದಳು. ನಾನು ಕಾಫಿ ಕುಡಿದೆ.

ರುದ್ರಮುನಿಯನ್ನು ಕರೆಯುತ್ತೇನೆ ಎಂದಾಗ ಅದೇ ಅಮ್ಮ ಮನೆಯಲ್ಲಿ ಪಾತ್ರೆ ಕುಕ್ಕಿದಳು. ಆಸ್ಪತ್ರೆಯಲ್ಲಿ ಅವನು ಅಮ್ಮನ ಕಾಲು ಮುಟ್ಟಲು ಬಗ್ಗಿದಾಗ ಕಾಲು ಹಿಂದಕ್ಕೆ ಎಳೆದುಕೊಂಡವಳು ಅವಳು. "ನಿನ್ನನ್ನು ಕುಂಟ ಮಾಡಿದವನಿಗೆ ನಾನು ಆರತಿ ಎತ್ತಬೇಕಾ? ಬರಲಿ. ನನ್ನ ಕಣ್ಣಿಗೆ ಬೀಳದ ಹಾಗೆ ಕೂರಿಸು."

ಅವನು ಗದಗದ ಕಡೆಯವನು. ರಜೆ ಹಾಕಿ ರೈಲು ಹತ್ತಿ ಬಂದ. ಹೊಸ ಅಂಗಿ ತೊಟ್ಟಿದ್ದ, ಕಾಲರಿನ ಒಳಗೆ ಇನ್ನೂ ಪಿನ್ನು ಉಳಿದಿತ್ತು. ನಿಶ್ಚಿತಾರ್ಥ ನಡೆಯುವ ಸುಬ್ರಾಯರ ಹೋಟೆಲಿನ ಮೆಟ್ಟಿಲ ಬಳಿ ನಿಂತು ಮೇಲೆ ಕಟ್ಟಿದ್ದ ಫ್ಲೆಕ್ಸ್ ಓದುತ್ತಿದ್ದ. ಅದರಲ್ಲಿ ನನ್ನ ಸಮವಸ್ತ್ರದ ಫೋಟೋ, ಹಿಂದೆ ಎಲ್ಲಿಂದಲೋ ತಂದ ಟ್ಯಾಂಕು, ಬೆಂಕಿ. 'ಶತ್ರುವಿನ ಗುಂಡಿಗೆ ಎದೆಯೊಡ್ಡಿದ ನಮ್ಮ ಮನೆ ಅಳಿಯ'. ಗುಂಡು ಬಿದ್ದದ್ದು ತೊಡೆಗೆ, ಅದೂ ಮರೆಗೆ ಓಡಲು ತಿರುಗಿದಾಗ ಹಿಂದಿನಿಂದ.

"ಎದಿ ಯಾವಾಗ ಒಡ್ಡಿದ್ಯೋ?" ಎಂದ ರುದ್ರಮುನಿ.

"ನಗಬೇಡ. ನನಗೂ ಈಗಲೇ ಕಂಡದ್ದು."

"ನಗೂದಲ್ಲಲೇ. ಇದರಾಗ ನಾ ಯಾರು? ಶತ್ರು ನಾನ ಅಲ್ಲೇನು?"

ನನಗೆ ಮೈ ಉರಿದುಹೋಯಿತು. ಹರಿದು ಹಾಕುತ್ತೇನೆ ಎಂದೆ. ಅವನು ನನ್ನ ಕೈ ಹಿಡಿದುಕೊಂಡ. "ಬ್ಯಾಡ. ಲಗ್ನದ ಮನಿ. ನಿನ್ನ ಬಾಜೂಕ ಕುಂತು ಎರಡು ತುತ್ತು ಉಣ್ತೀನಿ. ಅಷ್ಟಕ್ಕ ಬಂದೀನಿ."

ಮಹಡಿಯ ಹಾಲಿನಲ್ಲಿ ಶಾಸ್ತ್ರಗಳು ನಡೆದವು. ತಾಂಬೂಲ ಬದಲಾಯಿಸಿಕೊಂಡರು, ಉಂಗುರ ತೊಡಿಸಿದರು. ಪ್ರಣಮ್ಯಾಳ ಕೈ ತಣ್ಣಗಿತ್ತು. ಆಮೇಲೆ ಊಟದ ಪಂಕ್ತಿ. ನನ್ನ ಕಾಲಿನ ದೆಸೆಯಿಂದ ಎಲ್ಲರಿಗೂ ಮೇಜು ಹಾಕಿ ಎಲೆ ಹಾಸಿದ್ದರು. ನಾನು, ಪ್ರಣಮ್ಯಾ, ನನ್ನ ಇನ್ನೊಂದು ಬದಿಗೆ ರುದ್ರಮುನಿ. ಎಲ್ಲರೂ ಮುಗಿಸುವವರೆಗೆ ಒಬ್ಬರೂ ಏಳಬಾರದು, ಎದ್ದರೆ ಪಂಕ್ತಿ ಕೆಟ್ಟಂತೆ ಎಂದು ಪುರೋಹಿತರು ಮೊದಲೇ ಹೇಳಿದರು. ಅನ್ನ ಬಂತು, ತೊವ್ವೆ ಬಂತು, ಸಾರು ಬಂತು.

ಆಗ ಸುಬ್ರಾಯರು ಮೈಕು ಹಿಡಿದು ಪಂಕ್ತಿಯ ನಡುವೆ ಓಡಾಡತೊಡಗಿದರು. ಸೈನಿಕರಿಂದಲೇ ನಾವು ನೆಮ್ಮದಿಯಾಗಿ ಉಣ್ಣುವುದು ಎಂದರು. ಚಪ್ಪಾಳೆ. ತಮ್ಮ ಹೋಟೆಲಿನ ಬೋರ್ಡಿನ ವಿಷಯ ಹೇಳಿದರು. ಚಪ್ಪಾಳೆ. ಕೊನೆಗೆ ನಮ್ಮ ಮೇಜಿಗೆ ಬಂದರು.

"ಅಳಿಯಂದ್ರ ಜೊತೆ ಗಡಿಯಲ್ಲಿ ಇದ್ದವರು ಇಲ್ಲೇ ಕೂತಿದ್ದಾರೆ. ಹೇಳಿ ಸಾರ್, ಅವತ್ತು ಶತ್ರುಗಳು ಎಷ್ಟು ಜನ ಇದ್ರು?"

ರುದ್ರಮುನಿ ಸಾರು ಕಲಸುತ್ತಿದ್ದ. "ಉಣ್ಣೂ ಹೊತ್ನ್ಯಾಗ ಅದು ಬ್ಯಾಡ್ರಿ."

"ನಾಚಿಕೆ ಎಂತದ್ದು ಮಾರಾಯ್ರೇ! ನೋಡಿ, ನಿಜವಾದ ಯೋಧರಿಗೆ ಜಂಬ ಇರುವುದಿಲ್ಲ." ಮತ್ತೆ ಚಪ್ಪಾಳೆ. ಯಾರದೋ ಫೋನು ಅವನ ಮುಖದ ಹತ್ತಿರ ಬಂತು. "ಎರಡೇ ಮಾತು. ಶತ್ರುಗಳು ಎಷ್ಟು ಜನ?"

"ಬಿಡಿ ಮಾವ," ಎಂದೆ ನಾನು. ಅವರು ಮೈಕನ್ನು ಅವನ ಬಾಯಿಗೇ ಹಿಡಿದರು.

"ಶತ್ರು ಇರ್ಲಿಲ್ರಿ," ಎಂದ ರುದ್ರಮುನಿ. ಅವನ ದನಿ ಹಾಲಿನ ನಾಲ್ಕು ಮೂಲೆಯ ಸ್ಪೀಕರಿನಿಂದ ಬಂತು. "ಗುಂಡು ನಂದು. ಇವನ್ನ ಹೊಡದಾಂವ ನಾನ."

ಬಡಿಸುವವರ ಬಕೆಟ್ಟು ನಿಂತಿತು. ಹಿಂದಿನ ಸಾಲಿನಿಂದ ಒಬ್ಬ ಮುದುಕ ಕೇಳಿದ: "ಎಂತ? ಹಾಗಾದ್ರೆ ಕೆಳಗೆ ಬ್ಯಾನರಿನಲ್ಲಿ ಹಾಕಿದ್ದು?" ಫೋನು ಹಿಡಿದಿದ್ದ ಹುಡುಗ, "ಪರವಾಗಿಲ್ಲ ಮಾಮ, ಎಡಿಟ್ ಮಾಡ್ಬಹುದು," ಎಂದ.

ಸುಬ್ರಾಯರ ಮುಖ ಕೆಂಪಾಯಿತು. ಅವರಿಗೆ ಹೊಸದಾಗಿ ಗೊತ್ತಾದದ್ದು ಹೊಡೆದವನ ಹೆಸರು ಮಾತ್ರ, ಉಳಿದದ್ದು ಮೊದಲೇ ಗೊತ್ತಿತ್ತು. ಈಗ ಅದು ಊರಿಗೆಲ್ಲ ಗೊತ್ತಾಗಿತ್ತು, ಅದೇ ಅವರ ಸಂಕಟ. ಮೈಕಿನ ಮೇಲೆ ಅಂಗೈ ಇಟ್ಟರು. ಆದರೂ ಎಲ್ಲರಿಗೂ ಕೇಳಿಸಿತು.

"ನೀವು ಏಳಿ. ಇಲ್ಲಿ ಬೇಡ. ಕೆಳಗೆ ಕೂತ್ಕೊಳ್ಳಿ, ಪಾರ್ಸೆಲ್ ಕಟ್ಟಿಸಿ ಕೊಡ್ತೇನೆ."

ಎಲೆಯ ಮುಂದೆ ಕೂತವನನ್ನು, ಕೈಗೆ ಅನ್ನ ಹತ್ತಿದವನನ್ನು ಎಬ್ಬಿಸಿದರು. ಮೂರು ತಲೆಮಾರಿನಿಂದ ಜನರಿಗೆ ಉಣ್ಣಲು ಬಡಿಸಿ ಬದುಕಿದ ಮನೆಯವರು! ರುದ್ರಮುನಿ ಎದ್ದ. ಮೇಲಿನವರು ಏಳು ಎಂದರೆ ಏಳುವ ಅಭ್ಯಾಸ ಅವನಿಗೆ. ಸಾರಿನ ಕೈಯನ್ನು ಹೊಸ ಅಂಗಿಗೆ ತಾಗದ ಹಾಗೆ ದೂರ ಹಿಡಿದು ನಡೆದ. ಯಾರೂ ದಾರಿ ಬಿಡಲಿಲ್ಲ, ಕುರ್ಚಿಗಳ ಸಂದಿಯಲ್ಲಿ ಓರೆಯಾಗಿ ನುಸುಳಬೇಕಾಯಿತು. ಒಬ್ಬ ಹೆಂಗಸು ಸೆರಗು ಎಳೆದುಕೊಂಡಳು.

ನಾನೂ ಎದ್ದೆ.

"ಅಯ್ಯೋ, ವರ ಏಳಬಾರದು! ಪಂಕ್ತಿ ಕೆಡ್ತದೆ!" ಎಂದರು ಪುರೋಹಿತರು.

"ಕೆಟ್ಟಾಯಿತು ಭಟ್ರೇ. ಈಗ ಹೋದನಲ್ಲ, ಅವನಿಗೆ ಪಂಕ್ತಿ ಇರಲಿಲ್ಲವಾ?"

ಸುಬ್ರಾಯರು ನನ್ನ ಹೆಗಲು ಹಿಡಿದರು. "ಕೂತ್ಕೊಳ್ಳಿ ಅಳಿಯಂದ್ರೇ. ನಿಮ್ಮ ಪರವಾಗಿಯೇ ನಾನು ಮಾತಾಡಿದ್ದು. ನಿಮ್ಮನ್ನು ಕೊಲ್ಲಲಿಕ್ಕೆ ಹೊರಟವ ಅವ."

"ಅವನು ನನ್ನನ್ನು ಹೊತ್ತುಕೊಂಡು ಓಡಿದವ. ನಿಮ್ಮ ಫ್ಲೆಕ್ಸಿನ ಟ್ಯಾಂಕು ಓಡಿ ಬಂದಿತ್ತಾ? ಯೋಧರಿಗೆ ಊಟ ಉಚಿತ ಅಂತ ಬೋರ್ಡ್ ಹಾಕಿದ್ದೀರಲ್ಲ. ಅವನು ಇವತ್ತಿಗೂ ಯೋಧನೇ. ನಾನು ಲಾರಿ ಕಾಯುವವ. ಎಬ್ಬಿಸುವುದಾದರೆ ನನ್ನನ್ನು ಎಬ್ಬಿಸಿ."

"ಇದು ಮರ್ಯಾದೆಯ ಪ್ರಶ್ನೆ."

"ಹೌದು," ಎಂದು ಎಲೆ ಮಡಚಿದೆ. ಊಟ ಸಾರಿಗೇ ನಿಂತಿತು. ಮುದುಕರು ಕೈ ಎತ್ತಿ ಕೂತರು. ಹುಡುಗರು ಅತ್ತಿತ್ತ ನೋಡಿ ಹಪ್ಪಳ ಮುರಿದರು.

ಕುಂಟುತ್ತಾ ಇಳಿದು, ಗಿಂಡಿ ಸ್ಟೇಷನ್ನಿನ ಹತ್ತಿರ ಅವನನ್ನು ಹಿಡಿದೆ. ನೀರಿನ ಬಾಟಲಿ ಕೊಂಡು ಚರಂಡಿಯ ಬಳಿ ಕೈ ತೊಳೆಯುತ್ತಿದ್ದ. ಅವನು ಖುಷಿ ಪಡುತ್ತಾನೆ ಅಂದುಕೊಂಡಿದ್ದೆ.

"ನೀ ಯಾಕ ಎದ್ದಿ?" ಎಂದ.

"ನಿನ್ನನ್ನು ಎಬ್ಬಿಸಿದ ಮೇಲೆ ನಾನು ಕೂತು ಪಾಯಸ ತಿನ್ನಲಾ?"

"ತಿನ್ನಬೇಕಿತ್ತು." ಅವನ ಕಣ್ಣು ನನ್ನ ಕಾಲಿನ ಮೇಲಿತ್ತು. "ಒಂದ್ಸಲ ನಿನ್ನ ಕಾಲು ತಗೊಂಡೆ. ಇವತ್ತು ಲಗ್ನಾನೂ ತಗೊಂಡೆ ಅಂತ ಆಗ್ಲೇನು? ನಿಂಗ ಸಿಟ್ಟು ಬಂತು, ಎದ್ದಿ. ಅದರ ಭಾರ ಹೊತ್ಕೊಂಡು ತಿರುಗಾಂವ ನಾನು."

"ತಪ್ಪು ನಿನ್ನದಲ್ಲ ಅಂತ ಎಷ್ಟು ಸಲ ಹೇಳಬೇಕೋ?"

"ನಂದಲ್ಲ ಅಂತ ನನಗೂ ಗೊತ್ತೈತಿ. ಒಂದು ಊಟ ಪೂರಾ ಮಾಡೂಣು ಅಂತ ಬಂದಿದ್ದೆ. ಹೊಳ್ಳಿ ಹೋಗು. ಆ ಹುಡುಗಿ ಕಾಯ್ತಿರ್ತಾಳ."

ತಿರುಗಿ ನೋಡದೆ ಸ್ಟೇಷನ್ನಿನ ಮೆಟ್ಟಿಲು ಹತ್ತಿದ. ಅವನ ವೇಗಕ್ಕೆ ನನ್ನಿಂದ ಹತ್ತಲು ಆಗಲಿಲ್ಲ.

ಅಮ್ಮನನ್ನು ಕರೆದುಕೊಂಡು ಬರಲು ವಾಪಸು ಹೋದೆ. ಹಾಲಿನಲ್ಲಿ ಹಳೆಯ ಎಲೆ ತೆಗೆದು ಹೊಸ ಎಲೆ ಹಾಸಿ ಮತ್ತೆ ಬಡಿಸುತ್ತಿದ್ದರು. ಯಾರೋ ಪಾಯಸಕ್ಕೆ ಏಲಕ್ಕಿ ಹೆಚ್ಚಾಯಿತು ಎನ್ನುತ್ತಿದ್ದರು. ಇವರೇ ಸೈನಿಕರ ಬೆಂಬಲಿಗರು. ನಾಳೆ ಗಡಿಯಲ್ಲಿ ರುದ್ರಮುನಿ ಸತ್ತರೆ ಇವರೇ ಮೊಂಬತ್ತಿ ಹಿಡಿಯುತ್ತಾರೆ. ಬದುಕಿ ಬಂದು ಪಕ್ಕದ ಎಲೆಯಲ್ಲಿ ಕೂತದ್ದೇ ಅವನು ಮಾಡಿದ ಅಪರಾಧ.

ಪ್ರಣಮ್ಯಾ ಬಾಗಿಲಲ್ಲಿ ತಡೆದಳು. "ಪ್ರವೀಣ್, ಪ್ಲೀಸ್. ಅಪ್ಪಾಕಿಟ್ಟೆ ಒಂದು 'ಸಾರಿ' ಹೇಳಿಬಿಡಿ. ಅಷ್ಟೇ. ಎಲ್ಲ ಸರಿಯಾಗೋಗತ್ತೆ."

"ಸಾರಿ ಹೇಳಬೇಕಾದ್ದು ಅವನಿಗೆ. ನಿಮ್ಮಪ್ಪ ಹೇಳ್ತಾರಾ? ಸ್ಟೇಷನ್ ಇಲ್ಲೇ ಇದೆ."

ಅವಳು ಒಳಗೆ ಅಪ್ಪನ ಕಡೆ ನೋಡಿದಳು. ಸುಬ್ರಾಯರು ಯಾರಿಗೋ ತುಪ್ಪ ಬಡಿಸುತ್ತಾ ನಗುತ್ತಿದ್ದರು. ಅವಳು ಅಲ್ಲಿಗೆ ಹೋಗಲಿಲ್ಲ. ನಾನು ಉಂಗುರ ತೆಗೆದು ಅವಳ ಅಂಗೈಯಲ್ಲಿಟ್ಟೆ.

"ನಾನು ಏನ್ ಮಾಡಿದೆ?" ಎಂದಳು. ಕಣ್ಣು ತುಂಬಿತ್ತು.

"ಏನೂ ಮಾಡಲಿಲ್ಲ," ಎಂದೆ. ನಿಜವಾಗಿಯೂ ಅವಳು ಏನೂ ಮಾಡಿರಲಿಲ್ಲ.

ಅಮ್ಮ ಎರಡನೇ ಪಂಕ್ತಿಗೆ ಕೂರದೆ ಗೋಡೆಗೆ ಒರಗಿ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಮೆಟ್ಟಿಲು ಇಳಿದು ರಸ್ತೆಗೆ ಬಂದೆವು. ಆಟೋದವನು ನಿಲ್ಲಿಸಿದಾಗ ಕೈಯಲ್ಲೇ ಬೇಡ ಎಂದಳು.

"ನಿನ್ನ ಅಪ್ಪ ಕುಡುಕರಿಗೆ ಬಡಿಸಿದ್ದಾರೆ, ಕಳ್ಳರಿಗೂ ಬಡಿಸಿದ್ದಾರೆ. ಎಲೆಯಿಂದ ಒಬ್ಬರನ್ನು ಎಬ್ಬಿಸಿದವರಲ್ಲ," ಎಂದಳು. "ಆ ಹುಡುಗನಿಗೆ ಫೋನ್ ಮಾಡು. ಮನೆಗೆ ಬರಲಿ ಅನ್ನು. ಕುಕ್ಕರ್ ಇಡ್ತೇನೆ."

"ನಿನಗೆ ಅವನ ಮುಖ ನೋಡುವುದು ಬೇಡ ಅಲ್ಲವಾ?"

"ಬೇಡ. ಬಡಿಸಲಿಕ್ಕೆ ಮುಖ ನೋಡಬೇಕಂತ ಎಂತ ಉಂಟು? ಮಾಡು ನೀನು."

ಮಾಡಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಎತ್ತಲಿಲ್ಲ ಎಂದೆ. ಅಮ್ಮ ಬಿಸಿಲಿನಲ್ಲೇ ನಿಂತು ಸ್ಟೇಷನ್ನಿನ ಕಡೆ ನೋಡುತ್ತಿದ್ದಳು.

"ಮತ್ತೆ ಮಾಡು," ಎಂದಳು.

ಮತ್ತೆ ಮಾಡಿದೆ.