ಅತ್ತೆ ಆಡಳಿತ ಪಕ್ಷ, ನಾನು ವಿರೋಧ ಪಕ್ಷ

“ಗೋಡೆ ಕಡೆ ತಿರುಗೇ ಮುದುಕಿ. ಬೇವರ್ಸಿ ಮುಂಡೆ, ಸಾಹೇಬ್ರು ಬರ್ತಿರೋದು ಕಾಣಲ್ವಾ ನಿಂಗೆ?”

ಮೇಸ್ತ್ರಿ ನನ್ನ ಅತ್ತೆಯ ಭುಜ ಹಿಡಿದು ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಅತ್ತೆಯ ಕೈಯಲ್ಲಿ ನೆಲ ಒರೆಸುವ ಕೋಲಿತ್ತು. ತಿರುಗಿದ ರಭಸಕ್ಕೆ ಅದರ ಬಟ್ಟೆಯ ನೀರೆಲ್ಲ ಅವನ ಪ್ಯಾಂಟಿಗೆ ಚಿಮ್ಮಿತು. ಬೇಕಂತಲೇ ಮಾಡಿದಳು ಎಂದು ಅವನು ಇನ್ನೊಂದು ಸುತ್ತು ಬೈದ. ಬೇಕಂತಲೇ ಮಾಡಿದ್ದು ನಿಜ.

ಸದನದ ಕಟ್ಟಡದಲ್ಲಿ ನಮಗೆ ಅದೊಂದು ನಿಯಮ. ಸದಸ್ಯರು ಹಜಾರದಲ್ಲಿ ಹಾದುಹೋಗುವಾಗ ಪೊರಕೆಯವರು, ಬಕೆಟ್ಟಿನವರು, ಚರಂಡಿಯವರು ಎಲ್ಲರೂ ಗೋಡೆ ನೋಡುತ್ತ ನಿಲ್ಲಬೇಕು. ದೇಶದ ಬಗ್ಗೆ ಯೋಚಿಸುತ್ತ ನಡೆಯುವವರ ಕಣ್ಣಿಗೆ ಕಕ್ಕಸು ತೊಳೆಯುವವರ ಮುಖ ಬಿದ್ದರೆ ಯೋಚನೆ ಕೆಡುತ್ತದಂತೆ. ಹಾಗಾಗಿ ನಾವು ಮಂತ್ರಿಗಳನ್ನು ಗುರುತಿಸುತ್ತಿದ್ದುದು ಕೆಮ್ಮಿನಿಂದ, ಬೂಟಿನ ಸದ್ದಿನಿಂದ. ಅವರಿಗೋ ನಮ್ಮ ಬೆನ್ನುಗಳು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

ಆ ದಿನ ಬಜೆಟ್ಟಿನ ಕೊನೆಯ ದಿನ. ಯಾವ ಇಲಾಖೆಗೆ ಎಷ್ಟು ದುಡ್ಡು ಅನ್ನುವುದನ್ನು ಸದನ ಒಪ್ಪಿ ಮುಗಿಸಬೇಕಿತ್ತು. ನಮ್ಮ ದೇಶಕ್ಕೆ ಸಾಲ ಕೊಡುವ ಕಡೆಯಿಂದ ಇಬ್ಬರು ದೊಡ್ಡ ಮನುಷ್ಯರು ಬಂದು ಮೇಲಿನ ಗ್ಯಾಲರಿಯಲ್ಲಿ ಕೂತಿದ್ದರು. ಈ ಜನ ದುಡ್ಡಿನ ವಿಷಯವನ್ನು ಎಷ್ಟು ಗಂಭೀರವಾಗಿ ಚರ್ಚಿಸುತ್ತಾರೆ ಅಂತ ಕಣ್ಣಾರೆ ನೋಡಬೇಕಿತ್ತಂತೆ. ಟೀವಿ ಕ್ಯಾಮೆರಾಗಳೂ ಬಂದಿದ್ದವು. ಎಲ್ಲ ಸರಿಯಾಗಿತ್ತು, ಸದಸ್ಯರು ಇರಲಿಲ್ಲ. ಯಾವುದೋ ಮಂತ್ರಿಯ ಅಳಿಯ ಪಕ್ಕದ ಬೀದಿಯಲ್ಲಿ ಹೋಟೆಲು ತೆರೆದಿದ್ದ, ಮಧ್ಯಾಹ್ನದ ಊಟಕ್ಕೆ ಕರೆದಿದ್ದ. ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಹೋಗಿದ್ದವು. ಊಟದ ವಿಷಯದಲ್ಲಿ ಅವರೊಳಗೆ ಭಿನ್ನಾಭಿಪ್ರಾಯ ಇರಲಿಲ್ಲ.

ಒಳಗೆ ಉಳಿದವರು ಪೀಠದ ಮೇಲೆ ಸಭಾಧ್ಯಕ್ಷರು, ಭಾಷಣ ಹಿಡಿದು ನಿಂತ ಹಣಕಾಸು ಮಂತ್ರಿ, ಮತ್ತೆ ಒಬ್ಬ ವಯಸ್ಸಾದ ಸದಸ್ಯ. ಆ ಮುದುಕರು ನಿದ್ದೆ ಹೋಗಿದ್ದರು, ಊಟಕ್ಕೆ ಹೋಗುವಾಗ ಎಬ್ಬಿಸಲು ಎಲ್ಲರೂ ಮರೆತಿದ್ದರು.

ಸದನಕ್ಕೆ ಸಚೇತಕ ಅಂತ ಒಬ್ಬನಿದ್ದ. ಆಡಳಿತ ಪಕ್ಷದವರು ಅಡ್ಡಾದಿಡ್ಡಿ ಹೋಗದಂತೆ ಕುರಿಮಂದೆ ಹಾಗೆ ಕಾಯುವುದು ಅವನ ಕೆಲಸ. ಅವನು ಫೋನು ಕಿವಿಗೆ ಒತ್ತಿಕೊಂಡು ಬೆವರುತ್ತ ಹಜಾರಕ್ಕೆ ಓಡಿಬಂದ. ನಾವು ಗೋಡೆ ನೋಡುತ್ತ ಸಾಲಾಗಿ ನಿಂತಿದ್ದೆವು. ಅವನ ಬೂಟಿನ ಸದ್ದು ನಮ್ಮ ಬೆನ್ನ ಹಿಂದೆ ಬಂದು ನಿಂತಿತು. ಆಮೇಲೆ “ತಿರುಗಿ” ಅಂದ. ನಾವು ತಿರುಗಲಿಲ್ಲ. ನಮಗೆ ಹೇಳಿದ್ದು ಅಂತ ಯಾರಿಗೂ ಅನ್ನಿಸಲಿಲ್ಲ.

ಅವನ ಉಪಾಯ ಇಷ್ಟೇ. ಸದಸ್ಯರ ಕೋಟುಗಳು ಇಸ್ತ್ರಿಯವನ ಕೋಣೆಯಲ್ಲಿ ನೇತಾಡುತ್ತಿದ್ದವು. ಅವನ್ನು ನಾವು ಹಾಕಿಕೊಂಡು ಒಳಗೆ ಕೂರಬೇಕು. ಕ್ಯಾಮೆರಾ ದೂರದಿಂದ ತೋರಿಸುತ್ತದೆ, ಸಾಲದವರಿಗೆ ಮುಖ ಗೊತ್ತಿಲ್ಲ, ಸಭಾಧ್ಯಕ್ಷರಿಗೆ ದೃಷ್ಟಿ ಮಂದ. ಒಬ್ಬೊಬ್ಬರಿಗೂ ಊಟದ ಪೊಟ್ಟಣ ಕೊಡುತ್ತೇನೆ ಅಂದ. ಪೊಟ್ಟಣದಲ್ಲಿ ಕೋಳಿ ಇರುತ್ತದಾ ಎಂದು ಚರಂಡಿ ಮಾವ ಕೇಳಿದರು. ಇರುತ್ತದೆ ಎಂದು ಸಚೇತಕ ಮಾತು ಕೊಟ್ಟ.

ಚರಂಡಿ ಮಾವ ಅಂದರೆ ನನ್ನ ಅತ್ತೆಯ ತಮ್ಮ. ಕಟ್ಟಡದ ಕೆಳಗಿನ ಮೋರಿಗೆ ಇಳಿಯುವವರು. ಮೋರಿಯೊಳಗಿಂದ ಮೇಲಿನವರಿಗೆ ಕೇಳಿಸಬೇಕೆಂದು ಕೂಗಿ ಕೂಗಿ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಅವರ ಮೇಲೆ ಅರ್ಧ ಬಾಟಲಿ ಫಿನಾಯಿಲು, ಅದರ ಮೇಲೆ ಯಾರದೋ ಸೆಂಟು ಸುರಿದು, ಇದ್ದವರಲ್ಲೇ ದಪ್ಪ ಸದಸ್ಯನ ಕೋಟು ತೊಡಿಸಿದರು. ಅದರೊಳಗೆ ಮಾವನ ಜೊತೆ ಇನ್ನೊಬ್ಬರು ಬಾಡಿಗೆಗೆ ಇರಬಹುದಿತ್ತು. ನಾವು ಗುಡಿಸುವಾಗ ಸಿಕ್ಕ ಕನ್ನಡಕಗಳ ಪೆಟ್ಟಿಗೆಯೊಂದು ಇತ್ತು. ಗಾಂಭೀರ್ಯ ಬರಲಿ ಅಂತ ಸಚೇತಕ ಎಲ್ಲರ ಮೂಗಿಗೂ ಒಂದೊಂದು ಏರಿಸಿದ. ಅಲ್ಲಿಂದ ಮುಂದೆ ನಮ್ಮಲ್ಲಿ ಯಾರಿಗೂ ಏನೂ ಸರಿಯಾಗಿ ಕಾಣಲಿಲ್ಲ.

ಬಾಗಿಲ ಹತ್ತಿರ ಅವನು ನಮ್ಮನ್ನು ಎರಡು ಪಾಲು ಮಾಡಿದ. ಅತ್ತೆ, ಚರಂಡಿ ಮಾವ, ಇಸ್ತ್ರಿಯವನು, ಮತ್ತೆ ಮುಕ್ಕಾಲು ಮಂದಿ ಆಡಳಿತ ಪಕ್ಷ. ನಾನೂ ಪಾತ್ರೆ ತೊಳೆಯುವ ಕೆಲವರೂ ವಿರೋಧ ಪಕ್ಷ. ಮನೆಯಲ್ಲಿ ಇದ್ದ ಹಾಗೇ. ಬೀಗದ ಕೈ ಅತ್ತೆಯ ಸೊಂಟದಲ್ಲಿ, ನಾನು ಏನು ಹೇಳಿದರೂ ಬಿದ್ದುಹೋಗುತ್ತಿತ್ತು. ನನ್ನ ಗಂಡ ಪಕ್ಷೇತರ, ಅನ್ನ ಬಡಿಸಿದವರ ಕಡೆ. ಸಭಾಧ್ಯಕ್ಷರು ಕೇಳಿದಾಗ ಆಡಳಿತ ಪಕ್ಷ ಜೋರಾಗಿ “ಹೌದು” ಅನ್ನಬೇಕು, ವಿರೋಧ ಪಕ್ಷ ಮೆಲ್ಲಗೆ “ಇಲ್ಲ” ಅನ್ನಬೇಕು ಅಂತ ಸಚೇತಕ ಪಾಠ ಹೇಳಿಕೊಟ್ಟ. ಅತ್ತೆಗೆ ಹಲ್ಲಿಲ್ಲದ್ದರಿಂದ “ಔದು” ಅಂತ ಬರುತ್ತಿತ್ತು. ಅಷ್ಟು ಸಾಕು, ಸದಸ್ಯರಲ್ಲೂ ಅರ್ಧ ಜನಕ್ಕೆ ಹಾಗೇ ಬರುತ್ತದೆ ಅಂದ.

ಒಳಗೆ ಹೋಗಿ ಕೂತೆವು. ದಿನಾ ಒರೆಸುವ ಕುರ್ಚಿಗಳೇ. ಕೂತರೆ ಇಷ್ಟು ಮೆತ್ತಗಿರುತ್ತವೆ ಅಂತ ಗೊತ್ತಿರಲಿಲ್ಲ. ಚರಂಡಿ ಮಾವ ಕೂತಲ್ಲೇ ಎರಡು ಸಲ ಪುಟಿದು ನೋಡಿದರು.

ಹಣಕಾಸು ಮಂತ್ರಿ ಓದುತ್ತ ಹೋದ. ಸೇತುವೆಗಳಿಗೆ ಇಷ್ಟು, ಹೌದಾ ಇಲ್ಲವಾ ಅಂತ ಸಭಾಧ್ಯಕ್ಷರು ಕೇಳಿದರು. ಆ ಕಡೆಯಿಂದ “ಹೌದು” ಅಂತ ಗುಡುಗು. ಅದರಲ್ಲಿ ಮುಕ್ಕಾಲು ಪಾಲು ಚರಂಡಿ ಮಾವನದು; ಸಾಲದವರೊಬ್ಬರು ಬೆಚ್ಚಿ ಪೆನ್ನು ಕೆಳಗೆ ಬೀಳಿಸಿದರು. ನಾವು ಇಲ್ಲ ಅಂದೆವು. ಸಭಾಧ್ಯಕ್ಷರು ಮೇಜು ಕುಟ್ಟಿ, ಹೌದು ಅನ್ನುವವರೇ ಹೆಚ್ಚು ಅಂದರು. ಹೀಗೇ ವಿಮಾನ ಬಂತು, ತೋಪು ಬಂತು, ಅತಿಥಿಗೃಹದ ಪರದೆ ಬಂತು, ಪೊಲೀಸ್ ಕುದುರೆಗಳ ಮೇವು ಬಂತು.

ನನಗೆ ನೋಡಲಾಗದೆ ಹೋದದ್ದು ಅತ್ತೆಯ ಹುರುಪು. ಮೊದಲಿಗೆ ಬಾಯಲ್ಲಷ್ಟೇ ಔದು ಅನ್ನುತ್ತಿದ್ದವರು ಆಮೇಲೆ ಮೇಜು ತಟ್ಟಿ ಅನ್ನತೊಡಗಿದರು. ಮನೆಯಲ್ಲಿ ಒಂದು ಸೋಪು ಕೇಳಿದರೆ, ಹೋದ ತಿಂಗಳದ್ದು ಏನಾಯಿತು, ತಿಂದೆಯಾ ಅನ್ನುವ ಹೆಂಗಸು ಇಲ್ಲಿ ಕಣ್ಣು ಮಿಟುಕಿಸದೆ ವಿಮಾನ ಕೊಡಿಸುತ್ತಿದ್ದರು. ಹೊಟ್ಟೆ ಉರಿಯಿತು. ನಾನು ಜೋರಾಗಿ ಇಲ್ಲ ಅನ್ನತೊಡಗಿದೆ. ಅವರು ಇನ್ನೂ ಜೋರಾದರು. ಸಾಲದವರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು, ಚರ್ಚೆ ಅಂದರೆ ಹೀಗಿರಬೇಕು ಅನ್ನುವ ಹಾಗೆ.

ನಡುವೆ ಚರಂಡಿ ಮಾವ ಮೇಜಿನ ಮೇಲಿದ್ದ ನೀರಿನ ಜಗ್ಗನ್ನು ಕೋಟಿನ ತೋಳಿನಿಂದ ಉರುಳಿಸಿದರು. ನೀರು ಮಂತ್ರಿಯ ಬೂಟಿನವರೆಗೂ ಹರಿಯಿತು. ಒರೆಸಲು ಯಾರನ್ನಾದರೂ ಕರೆಯಿರಿ ಅಂದರು ಸಭಾಧ್ಯಕ್ಷರು. ಒರೆಸುವವರೆಲ್ಲ ಒಳಗೇ ಕೂತಿದ್ದರು. ಕೊನೆಗೆ ಸಚೇತಕ ಮೇಸ್ತ್ರಿಯ ಕೈಗೇ ಕೋಲು ಕೊಟ್ಟು ತಳ್ಳಿದ. ಅವನು ಹಲ್ಲು ಕಚ್ಚಿಕೊಂಡು ಅತ್ತೆಯ ಕಾಲಬುಡದಲ್ಲಿ ಒರೆಸಿದ. ಅತ್ತೆ ಕನ್ನಡಕದ ಮೇಲಿಂದ ಬಗ್ಗಿ ನೋಡಿ, ಆ ಮೂಲೆ ಉಳಿಯಿತು ಅಂತ ತೋರಿಸಿದರು.

ಆಮೇಲೆ ಬಂತು ಅದು. ಮಂತ್ರಿ ಒಂದೇ ಉಸಿರಿಗೆ, ಸದನದ ಮಾನವಾಧಾರಿತ ನೈರ್ಮಲ್ಯ ವ್ಯವಸ್ಥೆಯ ಹಂತಹಂತದ ತರ್ಕಬದ್ಧೀಕರಣದ ಬಾಬ್ತು ಎಂದು ಓದಿದ. ಅತ್ತೆ ಔದು ಅನ್ನಲು ಬಾಯಿ ತೆರೆದು ತಯಾರಾದರು.

ಅಷ್ಟರಲ್ಲಿ ನಿದ್ದೆಯ ಸದಸ್ಯರು ಎಚ್ಚರಾದರು. ಪಕ್ಕದಲ್ಲಿ ಕೂತ ಪಾತ್ರೆಯವಳಿಗೆ ನಮಸ್ಕಾರ ಮಾಡಿದರು. ಈಗ ಓದಿದ್ದು ಏನು, ತಿಳಿಯುವ ಹಾಗೆ ಹೇಳಿ ಅಂತ ಮಂತ್ರಿಯನ್ನು ಕೇಳಿದರು. ಮಂತ್ರಿಗೂ ಸುಸ್ತಾಗಿತ್ತು.

“ಏನಿಲ್ಲ ಸಾರ್,” ಅಂದ. “ಗುಡಿಸೋರು, ತೊಳೆಯೋರನ್ನೆಲ್ಲ ಈ ತಿಂಗಳಿಗೆ ತೆಗೆದುಹಾಕ್ತೀವಿ. ಮೆಷಿನ್ ತರಿಸ್ತೀವಿ.”

ಆ ಮೆಷಿನ್ನು ನಾವು ನೋಡಿದ್ದೆವು. ಹಿಂದಿನ ವಾರ ಹಜಾರದಲ್ಲಿ ಓಡಿಸಿ ತೋರಿಸಿದ್ದರು. ಅದು ನಾಲ್ಕು ಹೆಜ್ಜೆ ಗುಡಿಸಿ, ವಿರೋಧ ಪಕ್ಷದ ನಾಯಕನ ಶಾಲು ನುಂಗಿ, ಅವನನ್ನೂ ಕತ್ತಿನವರೆಗೆ ಎಳೆದುಕೊಂಡಿತ್ತು. ಬಿಡಿಸಿದ್ದು ಚರಂಡಿ ಮಾವ. ಆಟದ ಸಾಮಾನು ಅಂತ ನಾವು ನಕ್ಕಿದ್ದೆವು. ನಮ್ಮ ಜಾಗಕ್ಕೆ ಬಂದಿದೆ ಅಂತ ಯಾರೂ ಹೇಳಿರಲಿಲ್ಲ.

ಇಸ್ತ್ರಿಯವನು ಕನ್ನಡಕ ತೆಗೆದ. ಮನೆಗೆ ಬರುವ ಎರಡೂ ಸಂಬಳ ಈ ಕಟ್ಟಡದ್ದೇ. ಎರಡೂ ಒಂದೇ ಸಾಲಿನಲ್ಲಿ ಹೋಗುತ್ತಿದ್ದವು. ನಾನು ಅತ್ತೆಯ ಕಡೆ ನೋಡಿದೆ. ಯಾರದೋ ದಪ್ಪ ಗಾಜಿನ ಹಿಂದೆ ಅವರ ಕಣ್ಣು ಹಪ್ಪಳದಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಪರವಾಗಿ ಇರುವವರು ಹೌದು ಅನ್ನಲಿ ಅಂದರು ಸಭಾಧ್ಯಕ್ಷರು. ಸದ್ದಿಲ್ಲ. ಬಾಗಿಲ ಸಂದಿಯಿಂದ ಸಚೇತಕ ಕೈ ಆಡಿಸುತ್ತ ಹೌದು ಹೌದು ಅಂತ ತುಟಿ ಕುಣಿಸಿದ. ವಿರೋಧವಾಗಿ ಇರುವವರು ಅಂದರು ಸಭಾಧ್ಯಕ್ಷರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತಿದ್ದರು.

“ಇಲ್ಲ,” ಅಂದರು.

ಅದು ಮಾತ್ರ ಸ್ಪಷ್ಟವಾಗಿ ಬಂತು. ಅದರ ಹಿಂದೆಯೇ ಚರಂಡಿ ಮಾವ “ಇಲ್ಲ” ಅಂದರು, ಮೇಲಿನ ಗಾಜಿನ ದೀಪಗಳು ಕಿಣಿಕಿಣಿ ಅಂದವು. ಆಮೇಲೆ ಎರಡೂ ಪಕ್ಷ ಒಟ್ಟಿಗೆ.

ಸಭಾಧ್ಯಕ್ಷರು ಅಭ್ಯಾಸಬಲದಿಂದ ಹೌದು ಅನ್ನುವವರೇ ಹೆಚ್ಚು ಅಂತ ಅರ್ಧ ಹೇಳಿ ನಿಲ್ಲಿಸಿದರು. ಇವರು ಸದಸ್ಯರೇ ಅಲ್ಲ ಅಂತ ಸಚೇತಕ ಬಾಯಿ ಬಿಡುವ ಹಾಗಿರಲಿಲ್ಲ: ಆವತ್ತು ಮಂಜೂರಾದ ಸೇತುವೆ, ವಿಮಾನ, ಕುದುರೆ ಮೇವು ಎಲ್ಲ ನೀರುಪಾಲಾಗುತ್ತಿತ್ತು, ಅದೂ ಸಾಲದವರ ಎದುರಿಗೆ. ಸಚೇತಕ ಚೀಟಿ ಕಳಿಸಿದ. ಧ್ವನಿಯಿಂದ ಬೇಡ, ತಲೆ ಎಣಿಸಿ. ಗಂಟೆ ಬಾರಿಸಿ, ಅಷ್ಟರಲ್ಲಿ ನಮ್ಮವರನ್ನು ಹೋಟೆಲಿನಿಂದ ಎಳೆದು ತರುತ್ತೇನೆ ಅಂತ ಅದರಲ್ಲಿ ಇದ್ದಿರಬೇಕು. ಗಂಟೆ ಬಡಿಯಿತು, ಅವನು ಓಡಿದ.

ಅವನು ಮರೆತದ್ದು ಒಂದೇ. ಗಂಟೆ ನಿಂತ ಕೂಡಲೇ ಬಾಗಿಲು ಹಾಕಬೇಕು, ಎಣಿಕೆ ಮುಗಿಯುವವರೆಗೆ ದೇವರು ಬಂದರೂ ತೆಗೆಯಬಾರದು ಅನ್ನುವುದು ಸದನದ ನಿಯಮ. ಬಾಗಿಲ ಕಾವಲಿನವನು ನಿಯಮದ ಮನುಷ್ಯ. ಅಗುಳಿ ಹಾಕಿದ. ಸ್ವಲ್ಪ ಹೊತ್ತಿಗೆ ಹೊರಗೆ ಬೂಟುಗಳ ಸದ್ದು, ತೇಗು, ಬಡಿತ. ಕೆಮ್ಮು ಕೇಳಿಯೇ ಯಾರು ಯಾರು ಬಂದರು ಅಂತ ನಾವು ಒಳಗಿಂದ ಹೇಳುತ್ತಿದ್ದೆವು.

ಮೇಸ್ತ್ರಿ ಒರೆಸುವ ಕೋಲು ಹಿಡಿದು ನಡುವೆ ಸಿಕ್ಕಿಕೊಂಡಿದ್ದ. ಅವನ ಮುಖ ನಿಧಾನವಾಗಿ ಬಿಳಿಚಿತು.

“ಅಲ್ಲಾ, ಗುಡಿಸೋರೇ ಇಲ್ಲ ಅಂದ್ರೆ ನಾನು ಯಾರಿಗೆ ಬೈಲಿ?” ಅಂದ. ಅವನೂ ಬಂದು ಪಾತ್ರೆಯವಳ ಪಕ್ಕ ನಿಂತ.

ಇಲ್ಲ ಅನ್ನುವವರು ಎದ್ದು ನಿಲ್ಲಲಿ ಅಂದರು ಸಭಾಧ್ಯಕ್ಷರು. ನಾವು ನಿಂತೆವು. ಆಡಳಿತ ಪಕ್ಷವೂ ನಿಂತಿತು. ನಿದ್ದೆಯ ಸದಸ್ಯರೂ, ಎಲ್ಲರೂ ಹೊರಟರು ಅಂದುಕೊಂಡು, ಎದ್ದರು.

ಹಣಕಾಸು ಮಂತ್ರಿ ಕಾಗದ ಕೆಳಗಿಟ್ಟು ಅತ್ತೆಯ ಹತ್ತಿರ ಬಂದ. ಕ್ಯಾಮೆರಾಗೆ ಕಾಣದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು, ಕೂತುಕೊಳ್ಳಿ ಅಮ್ಮಾ ಅಂತ ಬೇಡಿಕೊಂಡ. ದುಡ್ಡಿನ ಒಂದು ಬಾಬ್ತು ಬಿದ್ದರೂ ಸರ್ಕಾರವೇ ಬಿದ್ದ ಹಾಗಂತೆ. ಮಂತ್ರಿಗಳೆಲ್ಲ ಇವತ್ತೇ ಮನೆಗೆ ಹೋಗಬೇಕಾಗುತ್ತದಂತೆ. ಅಷ್ಟು ಹತ್ತಿರದಿಂದ ಮಂತ್ರಿಯ ಮುಖವನ್ನು ಅತ್ತೆ ನೋಡಿದ್ದು ಅದೇ ಮೊದಲು. ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು.

“ಬೀಳ್ಲಿ ಬಿಡಪ್ಪಾ,” ಅಂದರು. “ಬಿದ್ದಿದ್ದನ್ನ ಗುಡ್ಸೋದು ನಮ್ಗೇನು ಹೊಸ್ದಾ?”

ನಾನು ವಿರೋಧ ಪಕ್ಷ ಬಿಟ್ಟು, ಒದ್ದೆ ನೆಲ ದಾಟಿ, ಅವರ ಪಕ್ಕಕ್ಕೆ ಹೋಗಿ ನಿಂತೆ. ಅತ್ತೆ ಸರಿದು ಜಾಗ ಮಾಡಿದರು. ಸೋಪಿನ ವಿಷಯ ಆಗ ಎತ್ತುವುದು ಸರಿಯಲ್ಲ ಅಂತ ಸುಮ್ಮನಾದೆ.

ಹೊರಗೆ ಬಾಗಿಲು ಅದುರುತ್ತಿತ್ತು. ಕಾವಲಿನವನು ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಕ್ಯಾಮೆರಾಗಳು ಹತ್ತಿರ ಬಂದವು. ಸಭಾಧ್ಯಕ್ಷರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, ಪೀಠದಿಂದ ಎದ್ದು, ತೋರುಬೆರಳು ಚಾಚಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಲೆಕ್ಕಕ್ಕೆ ಹಿಡಿಯತೊಡಗಿದರು. ಮೊದಲು ಎಣಿಸಿದ್ದು ಅತ್ತೆಯನ್ನು.